ಗ್ಯಾಲರಿ ತುಂಬಿದ ಜೋಳ

ಹುನಗುಂದದ ನಮ್ಮ ಕಾಲೇಜಿನ ಮೈದಾನದಲ್ಲಿ ಗೋವಿನಜೋಳ ಒಣಹಾಕಲು ಅನುಮತಿ ಕೊಡಿಸಿದವಳು ನಾನೇ. ಮುಂದಿನ ಫಜೀತಿಯೆಲ್ಲ ಶುರುವಾದದ್ದು ಅಲ್ಲಿಂದ, ಆದ್ದರಿಂದ ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಆ ಕಾಲೇಜಿನ ಗ್ರಂಥಪಾಲಕಿ. ದಿನಾ ಇಳಕಲ್ಲಿನಿಂದ ಬಸ್ಸು ಹಿಡಿದು ಬರುತ್ತೇನೆ. ಆಟದ ವಿಷಯ ನನಗೆ ತಿಳಿದದ್ದು ಅಷ್ಟಕ್ಕಷ್ಟೆ. ಕ್ರೀಡಾ ಸಾಮಾನಿನ ಕೋಣೆ ಗ್ರಂಥಾಲಯದ ಮಗ್ಗುಲಿಗೇ ಇದೆ, ಚೆಂಡಿಗೆ ಗಾಳಿ ಹಾಕುವ ಪಂಪನ್ನು ನನ್ನ ಕಪಾಟಿನ ಹಿಂದೆ ಇಡುತ್ತಾರೆ, ಅದನ್ನು ಯಾರು ಒಯ್ದರು, ಯಾವಾಗ ತಂದರು ಎಂಬುದು ನನಗೆ ಗೊತ್ತಿರುತ್ತದೆ. ಅಷ್ಟೇ ನನ್ನ ಕ್ರೀಡಾಸೇವೆ.

ಆ ಪಂಪನ್ನು ಒಯ್ಯಲು ಹೆಚ್ಚಾಗಿ ಬರುತ್ತಿದ್ದವಳು ಬಿ.ಎ. ಕೊನೆಯ ವರ್ಷದ ಒಬ್ಬ ಹುಡುಗಿ. ಹುಡುಗಿಯರ ಫುಟ್‌ಬಾಲ್ ತಂಡದ ಕ್ಯಾಪ್ಟನ್. ಆ ತಂಡ ಹುಟ್ಟಿ ಆಗ ಎರಡೇ ವರ್ಷವಾಗಿತ್ತು. ಮುಕ್ಕಾಲು ಪಾಲು ಹುಡುಗಿಯರು ಖೋಖೋ ಬಿಟ್ಟು ಬಂದವರು. ಓಡುವುದರಲ್ಲಿ, ಮೈ ತಪ್ಪಿಸುವುದರಲ್ಲಿ ಗಟ್ಟಿಗರು. ಚೆಂಡು ತಲೆಯ ಹತ್ತಿರ ಬಂದರೆ ಮಾತ್ರ ಕಣ್ಣು ಮುಚ್ಚಿಕೊಂಡು ಕೂತುಬಿಡುತ್ತಿದ್ದರು. ಈ ಹುಡುಗಿ ಒಬ್ಬಳು ಮುಚ್ಚುತ್ತಿರಲಿಲ್ಲ. ವಿಶ್ವವಿದ್ಯಾಲಯದ ತಂಡಕ್ಕೆ ಹೋಗಬೇಕೆಂಬುದು ಅವಳ ಆಸೆ. ಹಿಂದಿನ ವರ್ಷ ಮೊಣಕಾಲು ಊದಿ ತಪ್ಪಿತ್ತು. ಇದೇ ಕೊನೆಯ ವರ್ಷ, ಇನ್ನೊಂದು ಅವಕಾಶವಿರಲಿಲ್ಲ.

ಒಂದು ದಿನ ಪಂಪು ತಂದಿಟ್ಟು ಅಲ್ಲೇ ನಿಂತಳು.

"ಮೇಡಂ, ಮನ್ಯಾಗ ಜ್ವಾಳ ರಾಶಿ ಆಗೇತ್ರಿ. ರಸ್ತಾದ ಮ್ಯಾಲ ಹಾಕಬ್ಯಾಡ್ರಿ ಅಂತ ಪೊಲೀಸರು ಹೇಳಿ ಹೋಗ್ಯಾರ. ಹ್ವಾದ ವರ್ಷ ಯಾರೋ ಗಾಡಿ ಮ್ಯಾಲಿಂದ ಜಾರಿ ಬಿದ್ದಿದ್ರಂತ. ಪ್ರಿನ್ಸಿಪಾಲರಿಗೆ ನೀವೊಂದ್ ಮಾತ್ ಹೇಳ್ರಿ. ನಮ್ಮ ಗ್ರೌಂಡಿನಾಗ ನಾಕ್ ದಿನ ಹಾಕೋತೀವಿ."

ನಾನು ಹೇಳಿದೆ. ಪ್ರಿನ್ಸಿಪಾಲರು ಕಾಗದದಿಂದ ತಲೆ ಎತ್ತದೆ, "ಬರೂ ಗುರುವಾರ ಹುಡುಗ್ಯಾರ ಮ್ಯಾಚ್ ಇರೂದು ಬಾಗಲಕೋಟ್ಯಾಗ. ನಮ್ಮ ಗ್ರೌಂಡ್ ಖಾಲಿನ ಐತಿ, ಹಾಕ್ಲಿ," ಎಂದರು.

ಸೋಮವಾರ ಟ್ರ್ಯಾಕ್ಟರು ಬಂತು. ಹುಡುಗಿಯ ತಾಯಿ ಮೈದಾನದ ಸುತ್ತ ಒಂದು ಸುತ್ತು ಹಾಕಿ, ಅಲ್ಲಲ್ಲಿ ಹಿಮ್ಮಡಿಯಿಂದ ನೆಲ ಒತ್ತಿ ನೋಡಿ, ನೇರವಾಗಿ ಹೋಗಿ ಗೋಲಿನ ಮುಂದೆ ನಿಂತಳು. ಗೋಲಿನ ಮುಂದೆ ಹುಲ್ಲು ಹುಟ್ಟುವುದಿಲ್ಲ. ಹುಡುಗರು ತುಳಿದು ತುಳಿದು ನೆಲ ಕಣದ ಹಾಗೆ ಗಟ್ಟಿಯಾಗಿರುತ್ತದೆ. ಜೋಳಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಡೀ ಮೈದಾನದಲ್ಲಿರಲಿಲ್ಲ. ಸಂಜೆಯ ಹೊತ್ತಿಗೆ ಅಲ್ಲೆಲ್ಲ ಹಳದಿ ಹಾಸಿತ್ತು. ಗೋಲಿನ ಕಂಬಕ್ಕೆ ಆಕೆಯ ಬುತ್ತಿಯ ಚೀಲ ತೂಗುತ್ತಿತ್ತು. ಆಕೆ ಸೀರೆಯನ್ನು ತುಸು ಮೇಲೆ ಸಿಕ್ಕಿಸಿ, ಜೋಳದೊಳಗೆ ಕಾಲೆಳೆಯುತ್ತ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಳು. ಆಕೆ ನಡೆದಲ್ಲಿ ಸಾಲು ಬಿದ್ದು ಕೆಳಗಿನ ಕಾಳು ಮೇಲೆ ಬರುತ್ತಿತ್ತು. ಗ್ರಂಥಾಲಯದ ಕಿಟಕಿಯಿಂದ ನಾನು ಬಹಳ ಹೊತ್ತು ನೋಡಿದೆ.

ಮಂಗಳವಾರ ಚಹಾದ ಹೊತ್ತಿಗೆ ಪಿ.ಡಿ. ಸರ್ ಬಂದರು. ಪಿ.ಡಿ. ಅಂದರೆ ಆಟ ಕಲಿಸುವ ಅಧ್ಯಾಪಕರು. ಚಹಾಕ್ಕೆ ಬಂದಾಗಲೆಲ್ಲ ಮೊಬೈಲಿನಲ್ಲಿ ಏನಾದರೂ ತೋರಿಸುವುದು ಅವರ ರೂಢಿ. ಅವತ್ತು ಅಮೆರಿಕದ ಯಾವುದೋ ಕಾಲೇಜಿನ ಫುಟ್‌ಬಾಲ್. ನಾನು, ಕಾಲೇಜಿನ ಗಂಟೆ ಬಾರಿಸುವ ಸಿಪಾಯಿ, ಇಬ್ಬರೂ ಬಗ್ಗಿ ನೋಡಿದೆವು. ಮೈತುಂಬ ಗಾದಿ ಕಟ್ಟಿಕೊಂಡಂಥ ಹುಡುಗರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು. ಸುತ್ತಲೂ ಆಕಾಶದವರೆಗೆ ಜನ, ಎಲ್ಲರಿಗೂ ಒಂದೇ ಬಣ್ಣದ ಅಂಗಿ.

"ಚೆಂಡು ಕೈಯಾಗ ಹಿಡಕೊಂಡ ಓಡಾಕತ್ತಾರಲ್ರಿ ಸರ್, ಇದ್ಯಾವ ಫುಟ್‌ಬಾಲ್?" ಎಂದ ಸಿಪಾಯಿ.

"ಅವರ ಆಟ, ಅವರ ಹೆಸರು. ನೀ ಮಂದಿ ನೋಡೋ ಮಾರಾಯಾ."

"ಅಷ್ಟೂ ಮಂದಿ ಆ ಕಾಲೇಜಿನಾಗ ಕಲತವರೇನ್ರಿ?" ಎಂದು ನಾನು ಕೇಳಿದೆ.

"ಇಲ್ರಿ ಮೇಡಂ, ಊರವರು. ಶನಿವಾರ ಬಂತಂದ್ರ ಊರಿಗೆ ಊರ ಎದ್ದು ಬರತೈತಿ. ಮುದುಕ ಹುಟ್ಟಿದಾಗಿಂದ ಕಾಲೇಜಿನ ಮೆಟ್ಟಲಾ ಹತ್ತಿರಂಗಿಲ್ಲ, ಆದ್ರ ನಮ್ಮ ಟೀಮು, ನಮ್ಮ ಹುಡುಗ್ರು ಅಂತಾನ. ಹಿಂದಿನ ದಿನನ ಬಂದು ಅಲ್ಲೇ ಅಡಗಿ ಮಾಡ್ಕೊಂಡ್ ಉಣ್ಣವ್ರೂ ಅದಾರ."

"ಅಷ್ಟ್ ಮಂದಿ ಬಂದ್ರ ಜ್ವಾಳ ಎಲ್ಲಿ ಒಣಗಸ್ತಾರ?" ಎಂದು ಸಿಪಾಯಿ ಕೇಳಿದ. ನಾವು ನಗುತ್ತಿರುವಾಗಲೇ ಪಿ.ಡಿ. ಸರ್ ಅವರ ಫೋನು ಗುಂಯ್‌ಗುಟ್ಟಿತು. ಎದ್ದು ಹೊರಗೆ ಹೋಗಿ ಮಾತಾಡಿ ಬಂದರು. ಬಂದಾಗ ಮುಖದ ಮೇಲೆ ನಗು ಇರಲಿಲ್ಲ.

ಬಾಗಲಕೋಟೆಯ ಮೈದಾನದಲ್ಲಿ ಏನೋ ಸಮಾರಂಭಕ್ಕೆಂದು ಪೆಂಡಾಲು ಹಾಕುತ್ತಿದ್ದರಂತೆ. ಗುರುವಾರದ ಪಂದ್ಯ ನಮ್ಮಲ್ಲೇ ಆಗಬೇಕು. ವಿಶ್ವವಿದ್ಯಾಲಯದ ತಂಡಕ್ಕೆ ಆರಿಸುವವರೂ ಇಲ್ಲಿಗೇ ಬರುತ್ತಾರೆ. ಮೈದಾನ ಕೊಡಲಾಗದಿದ್ದರೆ ಆಡದೆಯೇ ನಾವು ಸೋತಂತೆ, ಹುಡುಗಿಯರನ್ನು ಯಾರೂ ನೋಡುವುದೂ ಇಲ್ಲ. ಹೀಗೆ ಕ್ಯಾಪ್ಟನ್‌ಳ ದಾರಿಗೆ ಅವಳ ಮನೆಯದೇ ಜೋಳ ಅಡ್ಡ ಬಿದ್ದಿತ್ತು. ಅದನ್ನು ಅಲ್ಲಿ ಹಾಕಿಸಿದವಳು ನಾನು.

ಬುಧವಾರ ಮುಂಜಾನೆ ಪಿ.ಡಿ. ಸರ್, ಸಿಪಾಯಿ, ನಾನು ಮೂವರೂ ಆ ತಾಯಿಯ ಹತ್ತಿರ ಹೋದೆವು. ಮಗಳು ನಮ್ಮ ಹಿಂದೆ ನಿಂತಿದ್ದಳು.

"ತೆಗಿಯಾಕ ಬರೂದಿಲ್ರಿ ಅಕ್ಕಾರ," ಎಂದಳು ತಾಯಿ. ಸಿಟ್ಟೇನೂ ಇರಲಿಲ್ಲ. ಒಂದು ಕಾಳು ಬಾಯಿಗೆ ಹಾಕಿ ಕಚ್ಚಿ, ಉಗುಳಿದಳು. "ಇನ್ನಾ ಮೆತ್ತಗ ಐತಿ. ಈಗ ಒಟ್ಟಿ ಹಾಕಿದ್ರ ಒಳಗ ಕಾವು ಏರಿ ಬೂಷ್ಟ ಹಿಡಿತೈತಿ. ಇನ್ನ ಎರಡ ದಿನ ಬಿಸಲ ಬೇಕ."

"ಯವ್ವಾ, ನಾಳೆ ನನ್ನ ನೋಡಾಕ ಬರಾವ್ರು ಇದ್ದಾರ. ಆರಿಸಿದ್ರ ಹೊರಗಿನ ಊರಾಗ ಆಡಾಕ ಸಿಗತೈತಿ," ಎಂದಳು ಮಗಳು.

"ನೋಡಾಕ ಬರಾವ್ರೇನ್ ಗಂಡಿನ ಕಡ್ಯಾವ್ರೇನ? ಆಡಾಕ ನಾ ಬ್ಯಾಡ ಅಂದೀನೇನು? ಇಲ್ಲೇ ಆಡು. ಪರಊರಿಗೆ ಹೋಗಿ ಒದಿಯುವಂಥಾದ್ದೇನ ಐತಿ ಅಂತ?"

ಪಿ.ಡಿ. ಸರ್ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ತಾಯಿಯ ಕಣ್ಣು ಅವರನ್ನು ದಾಟಿ ಆಚೆಗೆ ಹೋಗಿತ್ತು. ಅಲ್ಲಿ ಪಡುವಣ ಬದಿಗೆ, ಮೈದಾನದ ಉದ್ದಕ್ಕೂ, ಸಿಮೆಂಟಿನ ಆರು ಮೆಟ್ಟಿಲಿನ ಗ್ಯಾಲರಿ ಇದೆ. ಪ್ರೇಕ್ಷಕರಿಗೆಂದು ಕಟ್ಟಿಸಿದ್ದು.

"ಆ ಮೆಟ್ಟಲ ಮ್ಯಾಲ ಯಾರ ಕುಂದರ್ತಾರ್ರಿ ಸರ್?"

"ಮಂದಿ. ಮ್ಯಾಚ್ ನೋಡಾಕ ಬಂದವ್ರು."

"ಎಷ್ಟ ಮಂದಿ ಬರ್ತಾರ?"

ಲೆಕ್ಕ ಸಿಪಾಯಿ ಹೇಳಿದ. "ಹ್ವಾದ ಸಲ ಹನ್ನೊಂದ ಮಂದಿ. ಅದರಾಗ ನಾಕ ಮಂದಿ ಎಮ್ಮಿ ಕಾಯಾವ್ರು."

"ಹಂಗಾದ್ರ ಜ್ವಾಳ ಅಲ್ಲೇ ಹಾಕೂಣಂತ," ಎಂದಳು ಆಕೆ. ಹೋಗಿ ಮೆಟ್ಟಿಲಿನ ಮೇಲೆ ಅಂಗೈ ಇಟ್ಟು ನೋಡಿದಳು. "ಮಣ್ಣಿನಕಿಂತ ಚಲೋ ಕಾದೈತಿ. ಇದನ್ಯಾಕ ಮೊದಲ ತೋರಸಲಿಲ್ಲ ನೀವು?"

ಗುರುವಾರ ನಾನು ಇಳಕಲ್ಲಿನಿಂದ ಮೊದಲ ಬಸ್ಸಿಗೆ ಬಂದೆ. ಬಂದು ಮುಟ್ಟುವಷ್ಟರಲ್ಲಿ ಕೆಲಸ ಶುರುವಾಗಿತ್ತು. ಹುಡುಗಿಯರು ಆಟದ ಅಂಗಿಯ ಮೇಲೆ ವೇಲು ಕಟ್ಟಿಕೊಂಡು ಬುಟ್ಟಿ ಹೊರುತ್ತಿದ್ದರು. ಮುಂಜಾನೆ ಮೈದಾನ ಸುತ್ತು ಹಾಕಲು ಬರುವ ನಾಲ್ಕೈದು ನಿವೃತ್ತರು ಮೊದಲು ನಿಂತು ಸಲಹೆ ಕೊಟ್ಟರು. ಯಾರೂ ಕೇಳದ್ದರಿಂದ ಬೇಸರಾಗಿ ತಾವೂ ಬುಟ್ಟಿಗೆ ಕೈ ಹಚ್ಚಿದರು. ಗೇಟಿನ ಚಹಾದಂಗಡಿಯವನು ಒಲೆ ಸಣ್ಣ ಮಾಡಿ ಬಂದ. ಮೇಯಿಸಲು ಅಟ್ಟಿಕೊಂಡು ಬಂದ ಎಮ್ಮೆಗಳನ್ನು ಬಿಟ್ಟು ಅವುಗಳ ಯಜಮಾನರೂ ಬಂದರು. ನಾನು ಮೇಲಿನ ಮೆಟ್ಟಿಲಿನಲ್ಲಿ ನಿಂತು ಸುರಿದದ್ದನ್ನು ಕೈಯಿಂದ ಹರಡಿದೆ. ಪಿ.ಡಿ. ಸರ್ ಹಿಂದಿನಿಂದಲೇ ಸುಣ್ಣದ ಗೆರೆ ಹಾಕುತ್ತ ಬಂದರು. ಹತ್ತೂವರೆಗೆ ಮೈದಾನ ಬಯಲಾಯಿತು, ಗ್ಯಾಲರಿಯ ಆರೂ ಮೆಟ್ಟಿಲು ತುಂಬಿ ಹಳದಿಯಾಯಿತು.

ಬಾಗಲಕೋಟೆಯ ತಂಡದ ಟೆಂಪೊ ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ತಡವಾಗಿ ಬಂತು. ಅವರ ಸರ್ ಇಳಿದವರೇ ಗ್ಯಾಲರಿಯನ್ನು ಒಮ್ಮೆ ದಿಟ್ಟಿಸಿ, "ಹೌಸ್‌ಫುಲ್ ಮಾಡೀರಲ್ರಿ ಸರ್. ಗದ್ದಲಾನೂ ಇಲ್ಲ, ಭಾಳ ಶಾಂತ ಮಂದಿ," ಎಂದರು.

ಬುಟ್ಟಿ ಹೊತ್ತವರು ಯಾರೂ ಮನೆಗೆ ಹೋಗಲಿಲ್ಲ. ಕೂಡಲು ಜಾಗವಿಲ್ಲದ್ದರಿಂದ ಗೆರೆಯಾಚೆ ಕಟ್ಟಿದ ಹಗ್ಗದ ಗುಂಟ ನಿಂತರು. ಇಷ್ಟು ಹೊತ್ತು ಮೈ ಮುರಿದದ್ದು ಯಾತಕ್ಕೆಂದು ನೋಡಿಯೇ ಹೋಗೋಣ ಎಂಬ ಹಟ ಅವರ ಮುಖದಲ್ಲಿತ್ತು. ನಿವೃತ್ತರೊಬ್ಬರು ಅರ್ಧ ಗಂಟೆಯಲ್ಲೇ "ನಮ್ಮ ಹುಡುಗ್ಯಾರು" ಎನ್ನತೊಡಗಿದ್ದರು. ಅವರಿಗೆ ಚೆಂಡು ಯಾವ ಗೋಲಿಗೆ ಹೋಗಬೇಕೆಂಬುದನ್ನು ನಾನೇ ಹೇಳಿಕೊಟ್ಟಿದ್ದೆ. ನನಗೆ ಸಿಪಾಯಿ ಹೇಳಿಕೊಟ್ಟಿದ್ದ. ಆರಿಸಲು ಬಂದವರು ಇಬ್ಬರು, ಒಬ್ಬರು ಬಿಳಿ ಟೋಪಿಯ ಹೆಣ್ಣುಮಗಳು. ಎರಡು ಕುರ್ಚಿ ಹಾಕಿಸಿಕೊಂಡು ಗೆರೆಯ ಹತ್ತಿರ ಕೂತಿದ್ದರು. ತಾಯಿ ಮಾತ್ರ ಆಟದ ಕಡೆ ಬೆನ್ನು ಮಾಡಿ, ಮೆಟ್ಟಿಲಿಂದ ಮೆಟ್ಟಿಲಿಗೆ ಕಾಲಾಡಿಸುತ್ತ ನಡೆದಿದ್ದಳು.

ಮೊದಲರ್ಧದಲ್ಲಿ ಬಾಗಲಕೋಟೆಯವರು ಒಂದು ಗೋಲು ಹೊಡೆದರು. ಎರಡನೆಯ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ತೆಂಕಣ ದಿಕ್ಕು ಕಪ್ಪಾಯಿತು. ನನ್ನ ಕನ್ನಡಕದ ಮೇಲೆ ಒಂದು ಹನಿ ಬಿತ್ತು.

"ತಾಡಪತ್ರಿ ಹಿಡೀರಿ ಯಾರರ," ಎಂದು ತಾಯಿ ಮೇಲಿನಿಂದ ಕೂಗಿದಳು.

ಹಗ್ಗದ ಗುಂಟ ನಿಂತವರೆಲ್ಲ ತಿರುಗಿ ಗ್ಯಾಲರಿಗೆ ಓಡಿದೆವು. ಮೇಲೆ ಸುತ್ತಿಟ್ಟಿದ್ದ ನೀಲಿ ಪ್ಲಾಸ್ಟಿಕ್ಕಿನ ತಾಡಪತ್ರಿ ಬಿಚ್ಚಿ, ತುದಿ ಹಿಡಿದು ಎಳೆದು, ಅಂಚಿಗೆ ಕಲ್ಲು ಹೇರುತ್ತಿದ್ದೆವು. ಹಿಂದೆ ಸೀಟಿ ಕೇಳಿಸಿತು. ತಿರುಗಿ ನೋಡಿದರೆ ನಮ್ಮ ಹುಡುಗಿಯರು ಕ್ಯಾಪ್ಟನ್‌ಳನ್ನು ಅಪ್ಪಿಕೊಂಡು ಗುಂಪಾಗಿದ್ದರು.

"ಏನಾತ?" ಎಂದಳು ತಾಯಿ.

"ನಿನ್ನ ಮಗಳು ಗೋಲ್ ಹೊಡದ್ಲು ಬೇ," ಎಂದ ಸಿಪಾಯಿ.

"ಯಾವಾಗ?"

"ಈಗ. ನಾನೂ ನೋಡಿಲ್ಲ."

ಅವನಿಗೆ ಪಿ.ಡಿ. ಸರ್ ತಮ್ಮ ಮೊಬೈಲು ಕೊಟ್ಟು ಪಂದ್ಯ ಪೂರ್ತಿ ಚಿತ್ರ ತೆಗೆಯಲು ಹೇಳಿದ್ದರು. ತಾಡಪತ್ರಿಗೆ ಓಡುವಾಗ ಅದನ್ನು ಬಂದ್ ಮಾಡದೆಯೇ ಅವನು ಜೇಬಿಗಿಳಿಸಿದ್ದ. ಮಳೆ ನಾಲ್ಕು ಹನಿ ಉದುರಿಸಿ ಮುಂದೆ ಹೋಯಿತು. ಪಂದ್ಯವನ್ನು ನಾವು ಕೊನೆಯ ಗಳಿಗೆಯಲ್ಲಿ ಒಂದಕ್ಕೆ ಎರಡು ಗೋಲಿನಿಂದ ಸೋತೆವು.

ಹುಡುಗಿ ಬಂದು ಮೆಟ್ಟಿಲಿನ ಕೆಳಗೆ ನೆಲಕ್ಕೆ ಕೂತಳು. ಬಿಳಿ ಟೋಪಿಯ ಹೆಣ್ಣುಮಗಳು ಕೈಯಲ್ಲಿ ಕಾಗದ ಹಿಡಿದು ಅವಳನ್ನು ದಾಟಿ ನೇರ ತಾಯಿಯ ಹತ್ತಿರ ಬಂದರು.

"ನಿಮ್ಮ ಮಗಳನ್ನ ನಾವು ತಗೋಬೇಕಂತೀವ್ರಿ. ಹನ್ನೆರಡ ದಿನದ ಕ್ಯಾಂಪ್ ಇರತೈತಿ, ಆಮ್ಯಾಲೆ ಹೊರಗ ಮ್ಯಾಚ್. ಮನಿಯವ್ರು ಒಪ್ಪಿ ಸಹಿ ಮಾಡಬೇಕಾಗತೈತಿ. ಕಳಸ್ತೀರೇನ್ರಿ?"

ತಾಯಿ ಕೈಗೆ ಅಂಟಿದ ಹೊಟ್ಟನ್ನು ಝಾಡಿಸಿಕೊಂಡಳು. "ಆಕಿ ಗೋಲ್ ಹೊಡದಿದ್ದ ನಾ ನೋಡಿಲ್ರಿ. ನೋಡದ ಹೆಂಗ ಹೂಂ ಅನ್ಲಿ?"

ಪಿ.ಡಿ. ಸರ್ ಸಿಪಾಯಿಯಿಂದ ಮೊಬೈಲು ಇಸಿದುಕೊಂಡು ನೋಡಿದರು. ಆ ಹೊತ್ತಿನ ಚಿತ್ರದಲ್ಲಿ ಬರೀ ಕತ್ತಲು, ಒಳಗಿನಿಂದ "ಎಳೀರಿ, ಎಳೀರಿ" ಎಂಬ ಸಿಪಾಯಿಯ ದನಿ.

"ಹಂಗಾದ್ರ ಇನ್ನೊಮ್ಮೆ ಹೊಡದ ತೋರಿಸ್ಲಿ," ಎಂದಳು ತಾಯಿ.

ಷೂ ಬಿಚ್ಚುತ್ತಿದ್ದ ಬಾಗಲಕೋಟೆಯ ಗೋಲ್‌ಕೀಪರ್ ಹುಡುಗಿ ನಗುತ್ತ ಮತ್ತೆ ಕೈಗವಸು ಹಾಕಿಕೊಂಡು ಹೋಗಿ ನಿಂತಳು. ಹೋಗಲು ತಯಾರಾಗಿದ್ದ ಜನ ಹಗ್ಗದ ಹತ್ತಿರ ವಾಪಸು ಬಂದರು. ಕ್ಯಾಪ್ಟನ್ ಚೆಂಡಿಟ್ಟು ಹೊಡೆದಳು. ಕೀಪರ್ ಹಿಡಿದಳು. ಎರಡನೆಯದು ಕಂಬದ ಮೇಲಿಂದ ಹಾರಿ ಜಾಲಿಯ ಗಿಡಕ್ಕೆ ಹೋಯಿತು. ಮೂರನೆಯದು ಕಂಬಕ್ಕೆ ಬಡಿದು ಅವಳ ಕಡೆಗೇ ತಿರುಗಿ ಬಂತು.

"ಇದನ್ನ ನೋಡಾಕ ಇಷ್ಟ ಮಂದಿ ನಿಂತಿದ್ರೇನು?" ಎಂದಳು ತಾಯಿ.

"ಆಗ ಓಡಿ ಬಂದ ಹೊಡದಿದ್ನಿ ಬೇ. ನಿಂತು ಹೊಡಿಯೂದ ಬ್ಯಾರೆ ಇರತೈತಿ."

"ನೆಪ ಹೇಳಬ್ಯಾಡ." ತಾಯಿ ಬಿಳಿ ಟೋಪಿಯವರ ಕಡೆ ತಿರುಗಿದಳು. "ಹನ್ನೆರಡ ದಿನದಾಗ ಈಕಿಗೆ ನೆಟ್ಟಗ ಹೊಡಿಯೂದ ಕಲಸ್ತೀರೇನ್ರಿ?"

"ಕಲಸ್ತೀವ್ರಿ."

"ಹಂಗಾದ್ರ ಒಯ್ರಿ. ಅರ್ಧಾಮರ್ಧಾ ಕಲತ ಮನ್ಯಾಗ ಕುಂತರ ಏನ್ ಬಂತು?"

ಪೆನ್ನು ನನ್ನ ಹತ್ತಿರವಿತ್ತು. ಆಕೆ ಕೆಳಗಿನ ಮೆಟ್ಟಿಲಿನ ಮೇಲೆ ಜೋಳ ಸರಿಸಿ, ಅಲ್ಲಿ ಕಾಗದ ಇಟ್ಟು, ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆಯತೊಡಗಿದಳು. ಅಷ್ಟರಲ್ಲಿ ಮಗಳು ಓಡಿ ಬಂದು ನಾಲ್ಕನೆಯದನ್ನು ಹೊಡೆದಳು. ಕೀಪರ್ ಜಿಗಿದರೂ ಸಿಗಲಿಲ್ಲ, ಚೆಂಡು ಬಲೆಯ ಮೂಲೆಗೆ ಹೋಗಿ ಕೂತಿತು. ತಾಯಿ ಕಾಗದದಿಂದ ತಲೆ ಎತ್ತಿರಲಿಲ್ಲ. ಕ್ಯಾಪ್ಟನ್ ನನ್ನ ಕಡೆ ನೋಡಿದಳು. ನಾನು ಸುಮ್ಮನಿದ್ದೆ. ಗೋಲಾಯಿತೆಂದು ಹೇಳಿದರೆ, ಕಲಿತೇಬಿಟ್ಟಳಲ್ಲ, ಇನ್ನು ಹೋಗುವುದು ಯಾತಕ್ಕೆ ಎಂದು ಆ ತಾಯಿ ಅರ್ಧ ಹೆಸರಿಗೇ ಪೆನ್ನು ಕೆಳಗಿಟ್ಟುಬಿಡುತ್ತಿದ್ದಳು.