ಕಂಟ್ರೋಲ್ ಬಿಡು ಎಂಬ ಒಂದು ಸಾಲು

ಬರದ ಆ ವರ್ಷ ಭಾಲ್ಕಿಯಿಂದ ದಿನಾ ಔರಾದಿಗೆ ಹೋಗಿ ಒಂದು ಕಚೇರಿಯಲ್ಲಿ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೊರಟವರ ಮಕ್ಕಳಿಗೆ ಶಾಲೆ ತಪ್ಪಬಾರದೆಂದು ಹಾಸ್ಟೆಲ್ ತೆರೆದಿದ್ದರು. ಆಯ್ಕೆಯಾದ ಮಕ್ಕಳ ಹೆಸರನ್ನು ಊರೂರಿನ ಹಾಳೆಯಿಂದ ಎತ್ತಿ ಒಂದೇ ಪಟ್ಟಿ ಮಾಡಿ, ನಾಲ್ಕರ ಬಸ್ಸಿಗೆ ಬೀದರಿಗೆ ಕಳಿಸಬೇಕು. ಹೆಸರಿಲ್ಲದ ಮಗು ತಾಯಿಯ ಜೊತೆ ಲಾರಿ ಹತ್ತಬೇಕು.

ಕೈಯಿಂದ ಮಾಡಿದ್ದರೆ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಆದರೆ ನಾನು ಹೊಸದಾಗಿ ಮ್ಯಾಕ್ರೋ, ಅಂದರೆ ಕಂಪ್ಯೂಟರ್ ತಾನೇ ಕೀಲಿ ಒತ್ತಿಕೊಳ್ಳುವಂತೆ ಆಜ್ಞೆ ಬರೆಯುವುದನ್ನು, ಕಲಿತಿದ್ದೆ. ಅಲ್ಪನಿಗೆ ಐಶ್ವರ್ಯ ಬಂದಿತ್ತು. ಒಂದು ಕೀಲಿ ಒತ್ತಿದರೆ ಹೆಸರು ತಾನೇ ನಕಲಾಗಿ, ಪಟ್ಟಿಯಲ್ಲಿ ಹೋಗಿ ಕೂತು, ಮತ್ತೆ ಊರಿನ ಹಾಳೆಗೆ ಬಂದು ಮುಂದಿನ ಸಾಲಿಗೆ ಇಳಿಯುವಂತೆ ಬರೆದೆ. ಮ್ಯಾಕ್ರೋದಲ್ಲಿ ಕಂಟ್ರೋಲ್ ಕೀಲಿಯನ್ನು ಒತ್ತು ಎಂದೂ ಬರೆಯಬೇಕು, ಬಿಡು ಎಂದೂ ಬರೆಯಬೇಕು. ನಮ್ಮ ಬೆರಳಾದರೆ ಕೆಲಸ ಮುಗಿದ ಮೇಲೆ ತಾನೇ ಏಳುತ್ತದೆ.

ಮೂರೂವರೆಗೆ ಪ್ರಿಂಟ್ ಬಂತು. ಡಾಬಕಾ ಎಂಬ ಊರಿನ ಒಬ್ಬಾಕೆ ಮಗಳೊಂದಿಗೆ ಬೆಳಿಗ್ಗೆಯಿಂದ ಬಾಗಿಲಲ್ಲೇ ನಿಂತಿದ್ದಳು. ಹೊರಗೆ ಅವಳ ಲಾರಿ ಹಾರ್ನ್ ಹೊಡೆಯುತ್ತಿತ್ತು.

"ಸರ್, ನಮ್ಮ ಪೋರಿ ಹೆಸರು ಬಂದದೇನ್ರಿ?"

ಡಾಬಕಾದ್ದು ಎರಡೇ ಹೆಸರಿದ್ದವು. "ಇಲ್ಲಕ್ಕಾ. ಮ್ಯಾಲಿನವ್ರೇ ಕಡಿಮಿ ಮಾಡ್ಯಾರ," ಎಂದೆ. ಮೂಲ ಹಾಳೆಯನ್ನು ತಿರುಗಿ ನೋಡದೆ ಹೇಳಿದ ಮಾತು ಅದು. ಹುಡುಗಿಯ ಮುಖ ಅರಳಿತು. ತಾಯಿ ಮಾತ್ರ ಅಲುಗಲಿಲ್ಲ.

"ಆ ಎರಡು ಯಾರ್ವು ಅವ, ಓದ್ರಿ."

ಓದಿದೆ.

"ಅದು ಊರಾಗ ಮೊದಲ್ನೇ ಮನಿ, ಇದು ಕಡೀ ಮನಿ. ಸಾಲಿ ಟೀಚರ್ ಬಾಯಿಯವ್ರು ಮನಿ ಮನಿ ತಿರುಗಿ ಬರ್ಕೊಂಡಾರ, ನಾ ಸಂಗಟ ಇದ್ದೆ. ನಡುವಿನ ಮನಿ ಎಲ್ಲಾ ಎಲ್ಲಿ ಹೋದ್ವುರಿ?"

ಪಟ್ಟಿಯಲ್ಲಿ ಚಿಂತಾಕಿ ಎಂಬ ಊರಿನದನ್ನು ನೋಡಿದೆ. ಎರಡು. ಪ್ರತಿ ಊರಿಗೂ ಎರಡೇ. ಮ್ಯಾಕ್ರೋ ತೆರೆದು ನೋಡಿದೆ. ಕೊನೆಯಲ್ಲಿ ಕಂಟ್ರೋಲ್ ಬಿಡು ಎಂದು ಬರೆಯುವುದನ್ನೇ ಮರೆತಿದ್ದೆ. ಕಂಟ್ರೋಲ್ ಒತ್ತಿಕೊಂಡೇ ಇದ್ದರೆ ಕೆಳಬಾಣದ ಕೀಲಿ ಒಂದು ಸಾಲು ಇಳಿಯುವುದಿಲ್ಲ, ನೇರ ಊರಿನ ಕೊನೆಯ ಹೆಸರಿಗೆ ಜಿಗಿಯುತ್ತದೆ. ಕತ್ತರಿಸಿದವನು ನಾನು, ದೂರಿದ್ದು ಮೇಲಿನವರನ್ನು.

ನಾಲ್ಕಕ್ಕೆ ಹದಿನೈದು ನಿಮಿಷವಿತ್ತು. ಆ ಒಂದು ಸಾಲು ಸೇರಿಸಿ ಮತ್ತೆ ಓಡಿಸಿದೆ. ಕೂಲಿಯವರನ್ನು ಕರೆದೊಯ್ಯುವ ಲಾರಿಯ ಮುಕಾದಮ ಬಾಗಿಲಿಗೇ ಬಂದ. "ಏ ಬಾಯಿ, ಗಾಡಿ ಹೊಂಟದ ನೋಡು!" ನಾನು ತಿರುಗಿ ನೋಡಲಿಲ್ಲ. ಹೆಸರುಗಳು ಒಂದೊಂದಾಗಿ ಇಳಿಯತೊಡಗಿದವು. ಡಾಬಕಾದ ನಡುವೆ, ಏಳನೆಯ ಸಾಲಿನಲ್ಲಿ, ಆ ಹುಡುಗಿ ಇದ್ದಳು. ಪಟ್ಟಿ ಹಿಡಿದು ಜವಾನ ಬಸ್ಸಿಗೆ ಓಡಿದ.

"ಹೆಸರದ ಅಕ್ಕಾ. ತಪ್ಪು ನಂದು."

ಬೈದಿದ್ದರೆ ಹಗುರಾಗುತ್ತಿದ್ದೆ. ಅವಳು ಬೈಯಲಿಲ್ಲ. ಹುಡುಗಿ ಮಾತ್ರ ಹೋ ಎಂದು ಅಳುತ್ತ ತಾಯಿಯ ಸೆರಗನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಹಾರ್ನ್ ಮತ್ತೆ ಕೂಗಿತು.

"ಬಿಡವ್ವಾ," ಎಂದು ತಾಯಿ ಅವಳ ಬೆರಳುಗಳನ್ನು ಒಂದೊಂದೇ ಬಿಡಿಸತೊಡಗಿದಳು. "ಬಿಡು."