ಕರಣೆ ಎತ್ತಬಾರದ ಬೀದಿ

ಗಾರೆ ಕೆಲಸದವರು ಆ ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದರು. ಆದರೆ ಬರೀ ‘ಮೇಸ್ತ್ರಿ’ ಎಂದು ಕೇಳಿದರೆ ಜನ ಕೈ ತೋರಿಸುತ್ತಿದ್ದುದು ಡಿಪೋ ಬೀದಿಯ ಆ ಕುಳ್ಳ ಮನುಷ್ಯನ ಮನೆಯ ಕಡೆಗೇ. ಅವನು ಮಾತಿನಲ್ಲಿ ಬಲು ಜಿಪುಣ. ಅವನ ಪಾಲಿನದನ್ನೂ ಸೇರಿಸಿ ಹೆಂಡತಿ ಮಾತಾಡುತ್ತಿದ್ದಳು. ಅವಳು ಗಾರೆ ಕಲಸಿ ಬಾಂಡ್ಲಿ ತುಂಬಿ ಕೊಡುವುದು, ಅವನು ಕರಣೆಯಲ್ಲಿ ಗಾರೆ ಹರಡಿ ಇಟ್ಟಿಗೆ ಕೂರಿಸುವುದು. ಮದುವೆಯಾದಂದಿನಿಂದ ಇಬ್ಬರೂ ಹೀಗೇ ಜೊತೆಯಾಗಿ ದುಡಿದಿದ್ದರು. “ನಮ್ಮನೆಯವರು ನನ್ನ ಮುಖ ನೋಡಿದ್ದಕ್ಕಿಂತ ನನ್ನ ಬಾಂಡ್ಲಿ ನೋಡಿದ್ದೇ ಜಾಸ್ತಿ” ಎಂದು ಅವಳು ಕೆಲಸದ ಜಾಗದಲ್ಲಿ ಎಲ್ಲರನ್ನೂ ನಗಿಸುವಳು. ಅವನು ಮಾತ್ರ ಗೋಡೆಯ ಕಡೆ ತಿರುಗಿಕೊಂಡು ನಗುವನು.

ಬೀದಿಯ ತುದಿಯಲ್ಲಿ ಮುಳ್ಳುತಂತಿಯ ಬೇಲಿ. ಬೇಲಿಯಾಚೆ ಬಯಲು, ಬಯಲಿನಾಚೆ ಸೈನ್ಯದ ಮದ್ದುಗುಂಡಿನ ಉಗ್ರಾಣಗಳು, ಊರವರ ಬಾಯಲ್ಲಿ ಡಿಪೋ. ಮೇಸ್ತ್ರಿ ಹುಟ್ಟುವ ಮೊದಲೇ ಅದು ಅಲ್ಲಿತ್ತು. ಬೀದಿಯವರಿಗೆ ಅದರಿಂದ ಅನ್ನವೂ ಇತ್ತು. ಮೂರು ಮನೆಯಾಚೆ ಇದ್ದ ಮೇಸ್ತ್ರಿಯ ಅಕ್ಕ ಸಿಪಾಯಿಗಳ ಸಮವಸ್ತ್ರ ಇಸ್ತ್ರಿ ಮಾಡುತ್ತಿದ್ದಳು. ತಾಯಿ ತೀರಿಕೊಂಡಾಗ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಗಂಡ ಹೋದ ಮೇಲೆ ಮುಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು, ಯಾರ ಮುಂದೆಯೂ ಕೈಚಾಚದೆ ಬದುಕಿದ್ದಳು. “ಅವರ ದೇಶಭಕ್ತಿಗೆ ಮಡಿಕೆ ಬೀಳೋದು ನನ್ನ ಮೇಜಿನ ಮೇಲೆ” ಎಂದು ಅವಳೂ ಜೋಕು ಹೊಡೆಯುತ್ತಿದ್ದಳು.

ಡಿಪೋದಲ್ಲಿ ಹೊಸ ಉಗ್ರಾಣ ಕಟ್ಟುವಾಗ ಗುತ್ತಿಗೆದಾರ ಮೊದಲು ಕರೆದದ್ದು ಮೇಸ್ತ್ರಿಯನ್ನೇ. ಎರಡಾಳು ದಪ್ಪದ ಗೋಡೆಗಳು. ಗಂಡ ಹೆಂಡತಿ ಇಬ್ಬರೂ ಒಂದು ಬೇಸಿಗೆಯಿಡೀ ಅಲ್ಲೇ ದುಡಿದರು. ಅಷ್ಟು ದೊಡ್ಡ ಗೋಡೆಯನ್ನು ಅವನು ಹಿಂದೆಂದೂ ಎಬ್ಬಿಸಿರಲಿಲ್ಲ. ಮನೆಗೆ ಬಂದು ಊಟಕ್ಕೆ ಕೂತಾಗಲೂ ಅದೇ ಮಾತು. ಕೆಲಸ ಮುಗಿದ ದಿನ ಅಕ್ಕ ಅವನ ಬೆನ್ನು ತಟ್ಟಿ, “ನೋಡು, ನನ್ನ ತಮ್ಮ ಕಟ್ಟಿದ ಗೋಡೆಗೆ ಬಂದೂಕು ಹಿಡ್ಕೊಂಡು ಕಾವಲು ಕಾಯ್ತಾರೆ” ಎಂದಿದ್ದಳು.

ಆ ಉಗ್ರಾಣದಲ್ಲಿ ಸರಕು ತುಂಬಿದ ಮೇಲೆ, ಮುಂದಿನ ಚಳಿಗಾಲದಲ್ಲಿ, ಅಳತೆಯವರು ಬಂದರು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಸರಪಳಿ ಎಳೆದರು, ಮೂರು ಕಾಲಿನ ಮೇಲೆ ದುರ್ಬೀನು ನಿಲ್ಲಿಸಿದರು, ಊರ ಕಡೆಯ ದೊಡ್ಡ ರಸ್ತೆಯ ಅಂಚಿನಲ್ಲಿ ಹಳದಿ ಕಲ್ಲುಗಳನ್ನು ನೆಟ್ಟರು. ವಾರ ಕಳೆಯುವುದರೊಳಗೆ ಶಾಲೆಯ ಸಭಾಂಗಣಕ್ಕೆ ಎಲ್ಲರನ್ನೂ ಕರೆಸಿದರು. ಡಿಪೋದ ಭೂಮಿ ವಿಭಾಗದ ಅಧಿಕಾರಿ ಗೋಡೆಗೆ ನಕ್ಷೆ ತೂಗುಹಾಕಿ ವಿವರಿಸಿದ. ದಾಸ್ತಾನು ಹೆಚ್ಚಾಗಿದೆ. ಆಗಬಾರದ್ದು ಏನಾದರೂ ಆದರೆ ಏಟು ಮುಟ್ಟುವ ದೂರವೂ ಹೆಚ್ಚಾಗಿದೆ. ಡಿಪೋ ಬೀದಿ ಇನ್ನು ಸುರಕ್ಷತಾ ಗಡಿಯ ಒಳಗೆ. ಈಗ ಇರುವವರು ಇರಬಹುದು. ಆದರೆ ಹೊಸ ಮನೆ ಇಲ್ಲ, ಇದ್ದ ಮನೆಗೆ ಕೋಣೆ ಸೇರಿಸುವಂತಿಲ್ಲ, ದುರಸ್ತಿಯೂ ಇಲ್ಲ.

ಮೇಸ್ತ್ರಿ ಸಭೆಯಲ್ಲಿ ಎದ್ದು ನಿಂತದ್ದು ಜೀವನದಲ್ಲೇ ಮೊದಲು. “ಗೋಡೆ ಬಿರುಕು ಬಿಟ್ರೆ, ಸಾರ್?”

“ಬಿರುಕು ಮುಚ್ಚೋದೂ ದುರಸ್ತಿನೇ.”

“ಗೋಡೆ ಬಿದ್ರೆ?”

“ಬೀಳೋ ಹಾಗಿದ್ರೆ ಮನೆ ಖಾಲಿ ಮಾಡಿ. ಜಾಗಕ್ಕೆ ಪರಿಹಾರ ಕೊಡೋ ವಿಚಾರ ಮೇಲಿನವರ ಮುಂದಿದೆ.”

ಸಭೆಯಿಂದ ಮರಳುವಾಗ ಹೆಂಡತಿ ಬೀದಿಯ ತಿರುವಿನಲ್ಲಿ ನಿಂತು ಕೇಳಿದಳು: “ರೀ, ದಾಸ್ತಾನು ಹೆಚ್ಚಾಯ್ತು ಅಂದ್ರಲ್ಲ. ಅದು ನಾವು ಕಟ್ಟಿದ ಉಗ್ರಾಣದ್ದೇನಾ?”

ಅಂದಿನಿಂದ ಮೇಸ್ತ್ರಿ ಆ ಗೋಡೆಯ ಮಾತೆತ್ತಲಿಲ್ಲ.

ಮೊದಮೊದಲು ಜನ ಹೇಗೋ ಸುಧಾರಿಸಿಕೊಂಡರು. ಸೋರುವಲ್ಲಿ ಬಕೆಟ್ಟು ಇಟ್ಟರು, ಮುರಿದ ಬಾಗಿಲಿಗೆ ಹಗ್ಗ ಕಟ್ಟಿದರು. ಆದರೆ ಡಿಪೋದವರು ಬಯಲಿನ ಗುಂಡಿಯಲ್ಲಿ ಹಳೆಯ ಮದ್ದುಗುಂಡನ್ನು ಸಿಡಿಸಿ ನಾಶಮಾಡುವ ಕೆಲಸ ಶುರು ಮಾಡಿದ್ದರು. ಮಧ್ಯಾಹ್ನದ ಹೊತ್ತಿಗೆ ಸೈರನ್ ಕೂಗುತ್ತಿತ್ತು, ಹಿಂದೆಯೇ ನೆಲ ಅದುರುತ್ತಿತ್ತು. ಕಪಾಟಿನೊಳಗಿನ ಪಾತ್ರೆಗಳು ಒಂದನ್ನೊಂದು ತಾಗಿ ಸದ್ದು ಮಾಡುತ್ತಿದ್ದವು. ಸೂರಿನ ಗಾರೆ ಉದುರಿ ಅನ್ನದ ತಟ್ಟೆಗೆ ಬೀಳುತ್ತಿತ್ತು. ಆಚೆಬದಿಯ ಮನೆಯ ಮುದುಕ ತಟ್ಟೆಯ ಮೇಲೆ ಕೊಡೆ ಬಿಚ್ಚಿ ಹಿಡಿದು ಉಣ್ಣುತ್ತಿದ್ದ. ನೋಡಿದವರು ನಗುತ್ತಿದ್ದರು, ನಕ್ಕು ತಮ್ಮ ತಮ್ಮ ಸೂರಿನ ಕಡೆ ಕಣ್ಣು ಹಾಯಿಸುತ್ತಿದ್ದರು.

ಅದೇ ಮುದುಕನ ಬಚ್ಚಲ ಗೋಡೆ ವಾಲಿದಾಗ ಮೇಸ್ತ್ರಿಗೆ ತಡೆಯಲಾಗಲಿಲ್ಲ. ಅರ್ಧ ಮೂಟೆ ಸಿಮೆಂಟು ತಂದು ಕೆಲಸಕ್ಕೆ ಕೈಹಾಕಿದ. ಎರಡು ಸಾಲು ಏಳುವಷ್ಟರಲ್ಲಿ ಗಸ್ತಿನ ಜೀಪು ಬಂತು. ಸಿಮೆಂಟನ್ನು ಮೋರಿಗೆ ಸುರಿದರು, ಅವನನ್ನು ಡಿಪೋಗೆ ಕರೆದುಕೊಂಡು ಹೋಗಿ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿದರು, ಇನ್ನೊಮ್ಮೆ ಸಿಕ್ಕರೆ ಜೈಲು ಎಂದು ಹೇಳಿ ಬಿಟ್ಟರು. ಸುದ್ದಿ ಊರಲ್ಲಿ ಹರಡಿತು. ಡಿಪೋದ ಗುತ್ತಿಗೆಯನ್ನು ನಂಬಿಕೊಂಡ ದೊಡ್ಡ ಗುತ್ತಿಗೆದಾರರು ಇವನನ್ನು ಕಂಡರೆ ಫೋನು ಕಿವಿಗಿಟ್ಟುಕೊಂಡು ಆಚೆ ನಡೆದರು. ಮೇಸ್ತ್ರಿ ಎಂದರೆ ಅವನೊಬ್ಬನೇ ಎನ್ನುತ್ತಿದ್ದ ಊರಿನಲ್ಲಿ ಮೇಸ್ತ್ರಿಗೆ ಕೆಲಸವಿಲ್ಲದಂತಾಯಿತು.

ಅಷ್ಟರಲ್ಲಿ ಅಕ್ಕನ ಮನೆಯ ಹಿಂದಿನ ಗೋಡೆ ಬಾಯಿ ಬಿಡತೊಡಗಿತ್ತು. ಮೊದಲು ಕೂದಲೆಳೆಯಷ್ಟಿದ್ದ ಬಿರುಕಿನಲ್ಲಿ ಬೆರಳು ಹೋಗುವಂತಾಯಿತು, ಆಮೇಲೆ ಅಂಗೈ. ಅಕ್ಕ ಹಳೆಯ ಬಟ್ಟೆ ತುರುಕಿದಳು. ಅದು ಕೆಳಕ್ಕೆ ಬಿತ್ತು.

“ಲೋ, ಒಂದು ಬಾಂಡ್ಲಿ ಗಾರೆ ಹಾಕಿದ್ರೆ ನಿನ್ನ ಗಂಟೇನು ಹೋಗುತ್ತೋ?” ಎಂದಳು ಅಕ್ಕ.

“ಬಾಂಡ್ಲಿ ಗಾರೆಗೆ ನಿಲ್ಲೋ ಗೋಡೆ ಅಲ್ಲಕ್ಕ ಇದು. ಬಿಚ್ಚಿ ಕಟ್ಟಬೇಕು. ನೀನು ನಮ್ಮನೇಗೆ ಬಂದುಬಿಡು.”

“ನಿಮ್ಮನೆ ಗೋಡೆ ಏನು ಬಂಗಾರದ್ದಾ? ಅದೂ ಬಿರಿದಿದೆ. ಮತ್ತೆ ಗಿರಾಕಿ ಬಟ್ಟೆ ಎಲ್ಲಿಡ್ಲಿ, ನಿನ್ನ ಹೆಂಡ್ತಿ ತಲೆ ಮೇಲಾ?”

ಹೆಂಡತಿ ಅಲ್ಲೇ ಇದ್ದವಳು, “ಇಡಿ ಅತ್ತಿಗೆ, ಬಾಂಡ್ಲಿ ಹೊತ್ತು ಅಭ್ಯಾಸ ಇದೆ” ಎಂದಳು. ಆದರೂ ಅಕ್ಕ ಬರಲಿಲ್ಲ. ಅವಳಿಗೆ ಆ ಮೇಜು ಬಿಟ್ಟರೆ ಬೇರೆ ಗತಿಯಿರಲಿಲ್ಲ, ಮನೆ ಮಾರೋಣವೆಂದರೆ ಗಡಿಯೊಳಗಿನ ಮನೆಯನ್ನು ಪುಕ್ಕಟೆ ಕೊಟ್ಟರೂ ಕೊಳ್ಳುವವರಿರಲಿಲ್ಲ.

ಮೇಸ್ತ್ರಿ ಭೂಮಿ ವಿಭಾಗದ ಕಚೇರಿಗೆ ಅಲೆದ. ಒಂದು ಸಲ ಅಧಿಕಾರಿ ಇರುತ್ತಿರಲಿಲ್ಲ, ಇನ್ನೊಂದು ಸಲ ಮೀಟಿಂಗು. ಕೊನೆಗೆ ಸಿಕ್ಕಿದಾಗ ಆ ಮನುಷ್ಯ ಗದರಲಿಲ್ಲ, ಕುರ್ಚಿ ತೋರಿಸಿ ಕೂರಿಸಿಕೊಂಡ. ವಯಸ್ಸು ನಲವತ್ತರ ಒಳಗೆ, ಕಣ್ಣ ಕೆಳಗೆ ಕಪ್ಪು.

“ನೋಡಿ ಮೇಸ್ತ್ರಿ, ನಾನು ಕೆಟ್ಟವನಲ್ಲ. ಒಂದು ದಿನ ಅಲ್ಲಿ ಬೆಂಕಿ ಬಿತ್ತು ಅಂದ್ಕೊಳ್ಳಿ. ನಿಮ್ಮ ಬೀದಿ ಉಳಿಯಲ್ಲ. ಇವತ್ತು ಒಂದು ಗೋಡೆಗೆ ಹೂಂ ಅಂದ್ರೆ ನಾಳೆ ಒಂದು ಕೋಣೆ, ನಾಡಿದ್ದು ಮಹಡಿ. ಜನ ಹೆಚ್ಚಾಗ್ತಾರೆ. ಆ ಹೆಣಗಳ ಲೆಕ್ಕಕ್ಕೆ ನಾನು ಜವಾಬ್ದಾರ.”

“ಹೌದು ಸಾರ್. ಆದ್ರೆ ಬೆಂಕಿ ಬೀಳೋದಕ್ಕೆ ಮೊದ್ಲು ಗೋಡೆ ಬೀಳುತ್ತೆ.”

“ಅದಕ್ಕೇ ಹೇಳ್ತಿರೋದು, ಖಾಲಿ ಮಾಡಿಸಿ.”

“ಎಲ್ಲಿಗೆ ಸಾರ್?”

ಅಧಿಕಾರಿ ಮೇಜಿನ ಮೇಲಿನ ಪೆನ್ನನ್ನು ಆ ಕಡೆ ಈ ಕಡೆ ಸರಿಸಿದ. “ಅದು ನನ್ನ ವಿಭಾಗಕ್ಕೆ ಬರಲ್ಲ” ಎಂದ.

ಮೇಸ್ತ್ರಿ ಮರದ ಕಂಬಗಳನ್ನು ತಂದು ಹಿಂದಿನ ಗೋಡೆಗೆ ಓರೆಯಾಗಿ ಆಸರೆ ಕೊಟ್ಟ. ಗಸ್ತಿನವರು ನೋಡಿದರು. ಕಂಬ ಕೊಡುವುದು ದುರಸ್ತಿಯೋ ಅಲ್ಲವೋ ಎಂದು ತಮ್ಮತಮ್ಮಲ್ಲೇ ವಾದಿಸಿ, ಕೊನೆಗೆ ಹೋಗಲಿ ಬಿಡು ಎಂದು ಬಿಟ್ಟರು. ದಿನಾ ಬೆಳಗ್ಗೆ ಅವನು ಹೋಗಿ ಬೆಣೆ ಬಡಿದು ಬರುತ್ತಿದ್ದ. ತನ್ನ ಕೈಗೆ ಬರುವ ಕೆಲಸ, ಕಣ್ಣೆದುರೇ ಬಿದ್ದಿರುವ ಕೆಲಸ, ಮುಟ್ಟುವಂತಿಲ್ಲ. ಊಟ ಸೇರದಾಯಿತು. ಹೆಂಡತಿ ಬೈದಳು, ಕಾಡಿದಳು, ಕಡೆಗೆ ತಾನೂ ಉಣ್ಣದೆ ಕೂತಳು.

ಗೋಡೆ ಬಿದ್ದದ್ದು ನಡು ಮಧ್ಯಾಹ್ನ, ಗುಂಡಿಯಲ್ಲಿ ಎರಡನೆಯ ಸಿಡಿತವಾದ ಮೇಲೆ. ಮೇಸ್ತ್ರಿ ಮನೆಯ ಜಗಲಿಯಲ್ಲಿದ್ದ. ಇಟ್ಟಿಗೆ ಕುಸಿಯುವ ಸದ್ದು ಅವನಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು? ಓಡಿಹೋಗುವಷ್ಟರಲ್ಲಿ ಹಿಂದಿನ ಕೋಣೆಯೆಲ್ಲ ಧೂಳು. ನೀರು ತರಲೆಂದು ಅಲ್ಲಿಗೆ ಹೋಗಿದ್ದ ಅಕ್ಕ ಗೋಡೆಯಡಿ ಸಿಕ್ಕಿದ್ದಳು. ತಲೆ ಉಳಿದಿತ್ತು. ಬಲಭುಜ, ಬಲಗೈ ಇಟ್ಟಿಗೆಗಳ ಕೆಳಗೆ. ಅವನು ಉಗುರಿನಿಂದ ಕೆದರಿ ಒಂದೊಂದೇ ಇಟ್ಟಿಗೆ ತೆಗೆದ. ಅಕ್ಕ ಅಳಲಿಲ್ಲ. “ಇಸ್ತ್ರಿಪೆಟ್ಟಿಗೆ ಸ್ವಿಚ್ ಆರಿಸೋ, ಯಾರದೋ ಷರ್ಟು ಸುಟ್ಟುಹೋಗುತ್ತೆ” ಎಂದಳು. ಆಮೇಲೆ ಎಚ್ಚರ ತಪ್ಪಿತು.

ಆಸ್ಪತ್ರೆಯಲ್ಲಿ ಕೈ ಉಳಿಸಿದರು. ಉಳಿಯಿತು ಎಂಬ ಹೆಸರಿಗಷ್ಟೇ, ಬೆರಳುಗಳು ಮಡಚುತ್ತಿರಲಿಲ್ಲ. ತಮ್ಮನ ಮನೆಗೆ ಬಂದ ಮೇಲೆ ಅಕ್ಕ ದಿನಾ ತನ್ನ ಮನೆಗೆ ಹೋಗಿ ಇಸ್ತ್ರಿ ಮೇಜಿನ ಮುಂದೆ ಸುಮ್ಮನೆ ಕೂತು ಬರುತ್ತಿದ್ದಳು. ಹಿಂದೆ ಗೋಡೆಯಿಲ್ಲ. ಬಯಲಿನ ಗಾಳಿ ನೇರ ಮುಂಬಾಗಿಲವರೆಗೆ ಬೀಸುತ್ತಿತ್ತು. ಒಂದು ದಿನ ಬೀದಿನಾಯಿಯೊಂದು ಒಳಗೆ ಹೊಕ್ಕು ಅವಳ ಹಾಸಿಗೆಯ ಮೇಲೆ ಮರಿ ಹಾಕಿತ್ತು. ಅಕ್ಕ ಅದನ್ನು ಓಡಿಸಲೂ ಹೋಗದೆ ನೋಡುತ್ತ ನಿಂತಿದ್ದುದನ್ನು ಮೇಸ್ತ್ರಿ ಕಂಡ.

ಮರುದಿನ ಬೆಳಗ್ಗೆ ಕರಣೆ, ತೂಗುಗುಂಡು, ರಸಮಟ್ಟ ಎಲ್ಲವನ್ನೂ ಚೀಲದಿಂದ ತೆಗೆದು ಒರೆಸಿದ. ಹೆಂಡತಿ ನೋಡಿದಳು.

“ಜೈಲು ಅಂದಿದ್ದಾರೆ” ಎಂದಳು.

“ಹೂಂ.”

“ಸರಿ. ಮರಳು ನಾನು ಜರಡಿ ಹಿಡೀತೀನಿ.”

ಕದ್ದುಮುಚ್ಚಿ ಏನೂ ಮಾಡಲಿಲ್ಲ. ಹಾಡಹಗಲೇ ತಳಪಾಯದ ಮಣ್ಣು ತೆಗೆದು, ನೂಲು ಕಟ್ಟಿ ಶುರು ಮಾಡಿದ. ಬಿದ್ದ ಇಟ್ಟಿಗೆಗಳಲ್ಲಿ ಅರ್ಧ ಪುಡಿಯಾಗಿದ್ದವು. ಕೊಡೆಯ ಮುದುಕ ತನ್ನ ಅಂಗಳದ ಕಟ್ಟೆಯನ್ನೇ ಕಿತ್ತು ಇಟ್ಟಿಗೆ ತಂದ. ಅವನನ್ನು ಕಂಡು ಇನ್ನೊಬ್ಬಳು, ಅವಳ ಹಿಂದೆ ಮತ್ತಿಬ್ಬರು. ಬೀದಿಯವರು ಸಾಲಾಗಿ ನಿಂತು ಇಟ್ಟಿಗೆಗಳನ್ನು ಕೈಯಿಂದ ಕೈಗೆ ದಾಟಿಸಿದರು. ಎಷ್ಟೋ ತಿಂಗಳಾದ ಮೇಲೆ ಆ ಬೀದಿಯಲ್ಲಿ ಕರಣೆ ಇಟ್ಟಿಗೆಗೆ ತಾಗುವ ಸದ್ದು ಕೇಳಿತು. ಗೋಡೆ ಸೊಂಟದೆತ್ತರಕ್ಕೆ ಬಂದಾಗ ಜೀಪು ನಿಂತಿತು. ಅಧಿಕಾರಿಯೇ ಬಂದಿದ್ದ, ಜೊತೆಗೆ ಆರೇಳು ಸಿಪಾಯಿಗಳು.

“ನಿಲ್ಲಿಸಿ, ಮೇಸ್ತ್ರಿ.”

ಮೇಸ್ತ್ರಿ ಗಾರೆ ಹರಡಿ ಇಟ್ಟಿಗೆ ಕೂರಿಸಿದ.

“ನಿಮಗೆ ಹೇಳ್ತಿರೋದು.”

“ಕೇಳಿಸ್ತು ಸಾರ್. ಇನ್ನು ನಾಲ್ಕು ಸಾಲಾದ್ರೆ ನಾಯಿ ಹಾರಲ್ಲ. ಅಷ್ಟು ಮಾಡ್ಕೊಳ್ತೀನಿ.”

ಅಕ್ಕ ಮೇಜಿನ ಪಕ್ಕದಿಂದ ಎದ್ದು ಬಂದು ಸಿಪಾಯಿಗಳ ಮುಂದೆ ನಿಂತಳು. ಕುತ್ತಿಗೆಗೆ ಕಟ್ಟಿದ ಬಟ್ಟೆಯಲ್ಲಿ ಬಲಗೈ ಜೋತಿತ್ತು. ಒಬ್ಬೊಬ್ಬರ ಅಂಗಿಯನ್ನೂ ನೋಡಿದಳು. “ಇವೆಲ್ಲ ಈಗ ಯಾರು ಮಾಡ್ತಿದ್ದಾರಪ್ಪ? ಕಾಲರ್ ನಿಂತೇ ಇಲ್ಲ” ಎಂದಳು. ಸಿಪಾಯಿಗಳು ತಲೆ ತಗ್ಗಿಸಿದರು. ಅಧಿಕಾರಿ ಒಂದು ಗಳಿಗೆ ಆಚೆ ತಿರುಗಿ ನಿಂತ. ಆಮೇಲೆ ಕೈ ಸನ್ನೆ ಮಾಡಿದ.

ಇಬ್ಬರು ಬಂದು ಮೇಸ್ತ್ರಿಯ ತೋಳು ಹಿಡಿದರು. ಅವನು ಕೊಸರಾಡಲಿಲ್ಲ. ಕರಣೆಯನ್ನು ಮಾತ್ರ ಬಿಡಲಿಲ್ಲ, ಬೆರಳು ಬಿಡಿಸಿ ತೆಗೆಯಬೇಕಾಯಿತು. ಜೀಪಿನ ಹಿಂದಿನ ಸೀಟಿನಲ್ಲಿ ಕೂತು ನೋಡಿದ: ಹಸಿ ಗಾರೆಯ ಗೋಡೆ, ಹಾರೆಯೂ ಬೇಕಾಗಲಿಲ್ಲ. ಕಾಲಿನಿಂದ ಒತ್ತಿದರು, ಸಾಲುಸಾಲಾಗಿ ಮಲಗಿತು. ಹೆಂಡತಿ ಬಾಂಡ್ಲಿ ಹಿಡಿದೇ ನಿಂತಿದ್ದಳು.

ಅವನು ಜೈಲಿನಿಂದ ಹೊರಬಂದದ್ದು ಆ ವರ್ಷದ ಬೇಸಿಗೆ ಮುಗಿದ ಮೇಲೆ. ಅಷ್ಟರಲ್ಲಿ ಬೀದಿ ಅರ್ಧ ಬರಿದಾಗಿತ್ತು. ಕೊಡೆಯ ಮುದುಕ ಮಗಳ ಮನೆ ಸೇರಿದ್ದ. ಹೋದವರು ಬಾಗಿಲು, ಕಿಟಕಿ, ಸೂರಿನ ತಗಡುಗಳನ್ನು ಕಿತ್ತುಕೊಂಡು ಹೋಗಿದ್ದರು. ಪರಿಹಾರದ ವಿಚಾರ ಇನ್ನೂ ಮೇಲಿನವರ ಮುಂದೆಯೇ ಇತ್ತು. ಹಳದಿ ಕಲ್ಲುಗಳ ಬಳಿ ಹೊಸ ಫಲಕವೊಂದು ಎದ್ದಿತ್ತು: ಇಲ್ಲಿನ ಭೂಬಳಕೆ ಈಗ ಸೈನಿಕ ನೆಲೆಗೆ ಹೊಂದಿಕೊಳ್ಳುತ್ತಿದೆ ಎಂಬರ್ಥದ ಒಂದು ಸಾಲು. ಹೆಂಡತಿ ಅದನ್ನು ತೋರಿಸಿ, “ಜನ ಹೋದ್ರೆ ಎಲ್ಲಾ ಹೊಂದಿಕೊಳ್ಳುತ್ತೆ ಬಿಡಿ” ಎಂದಳು.

ಈಗ ಮೇಸ್ತ್ರಿ ಎರಡು ಬಸ್ಸು ಬದಲಿಸಿ, ತನ್ನನ್ನು ಯಾರೂ ಅರಿಯದ ಊರಿಗೆ ಕೆಲಸಕ್ಕೆ ಹೋಗುತ್ತಾನೆ. ಅಲ್ಲಿ ಅವನಿಗೆ ಮೇಸ್ತ್ರಿ ಎನ್ನುವವರಿಲ್ಲ, ‘ಏ ಕುಳ್ಳ’ ಎನ್ನುತ್ತಾರೆ. ಹಗಲಿಡೀ ಬೇರೆಯವರ ಗೋಡೆ ಎಬ್ಬಿಸಿ ಸಂಜೆ ತನ್ನ ಬಿರುಕಿನ ಮನೆಗೆ ಮರಳುತ್ತಾನೆ. ಅಡುಗೆಮನೆಯ ಗೋಡೆ ಹೊರಕ್ಕೆ ವಾಲಿದೆ, ಕಂಬ ಕೊಟ್ಟಿದ್ದಾನೆ. ಅಕ್ಕ ಎಡಗೈಯಲ್ಲಿ ಇಸ್ತ್ರಿ ಮಾಡುವುದನ್ನು ಕಲಿಯುತ್ತಿದ್ದಾಳೆ. ಒಂದು ಅಂಗಿಗೆ ಅರ್ಧ ಗಂಟೆ ಹಿಡಿಯುತ್ತದೆ, ತಂದುಕೊಡುವವರೂ ಕಡಿಮೆ.

ಕೆಲಸವಿಲ್ಲದ ದಿನ ಮೇಸ್ತ್ರಿ ಮನೆಯಲ್ಲಿರುತ್ತಾನೆ. ಮಧ್ಯಾಹ್ನ ಸೈರನ್ ಕೂಗಿದೊಡನೆ ಹೆಂಡತಿ ಒಲೆ ಆರಿಸಿ ಅನ್ನದ ಪಾತ್ರೆ ಎತ್ತಿಕೊಳ್ಳುತ್ತಾಳೆ. ಅವನು ಅಕ್ಕನ ಎಡಗೈ ಹಿಡಿಯುತ್ತಾನೆ. ಮೂವರೂ ಹೊರಗೆ ಬಂದು ಬೀದಿಯ ನಡುವೆ ನಿಲ್ಲುತ್ತಾರೆ. ನೆಲ ಅದುರುತ್ತದೆ. ಗೋಡೆಯನ್ನೇ ನೋಡುತ್ತಾರೆ.

“ಇನ್ನೊಂದು ಇದೆಯೇನೋ” ಎನ್ನುತ್ತಾಳೆ ಅಕ್ಕ.

“ಇರಬಹುದು. ತಾಳು.”

ಕಾಯುತ್ತಾರೆ. ಪಾತ್ರೆಯ ಮುಚ್ಚಳದ ಸಂದಿಯಿಂದ ಹಬೆ ಏಳುತ್ತಿರುತ್ತದೆ.

“ಆಯ್ತು ಅನ್ಸುತ್ತೆ” ಎನ್ನುತ್ತಾಳೆ ಹೆಂಡತಿ. “ಬನ್ನಿ, ಬಿಸಿ ಇರೋವಾಗ್ಲೇ ಉಂಡುಬಿಡೋಣ.”