ಮ್ಯಾನೇಜರ್ ಕುರ್ಚಿಗೂ ಗೇಟಿಗೂ ನಡುವಿನ ಅರ್ಜಿ

ಹಾವೇರಿಯಲ್ಲಿ ಬಿಎಸ್ಸಿ ಮುಗಿಸಿದ ವಾರವೇ ನಾನು ರಾಣೇಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಮ್ಯಾನೇಜರ್ ಹುದ್ದೆಗೆ ಅರ್ಜಿ ಹಾಕಿದೆ. ಹತ್ತು ವರ್ಷದ ಅನುಭವ ಕೇಳಿದ್ದರು. ‘ಹುಟ್ಟಿದಾಗಿನಿಂದ ಅಪ್ಪನ ಹೊಲ ನೋಡುತ್ತಿದ್ದೇನೆ, ಒಟ್ಟು ಇಪ್ಪತ್ತೆರಡು ವರ್ಷ’ ಎಂದು ಬರೆದೆ. ನೋಡಿದ್ದು ನಿಜ. ಬದುವಿನ ಮೇಲೆ ಕೂತು, ಫೋನಿನಿಂದ ಕಣ್ಣೆತ್ತಿದಾಗ ನೋಡಿದ್ದು. ಕಂಪನಿಯವರು ಫೋನ್ ಮಾಡಿ, “ನಿಮ್ಮ ಅಪ್ಪಾರ ನಂಬರ್ ಕೊಡ್ರಿ, ಅನುಭವ ಅವರದೈತಿ” ಅಂದರು.

ಅಷ್ಟಕ್ಕೇ ನನ್ನ ಆಸೆ ಮ್ಯಾನೇಜರ್ ಕುರ್ಚಿಯಿಂದ ಜಾರಿ ನೇರ ಗೇಟಿಗೆ ಬಂದು ಬಿತ್ತು. ಅದೇ ಕಂಪನಿಯಲ್ಲಿ ಇನ್ನೆರಡು ಕೆಲಸ ಖಾಲಿ ಇದ್ದವು: ಗೇಟಿನಲ್ಲಿ ಕೂತು ಲಾರಿ ನಂಬರು ಬರೆದುಕೊಳ್ಳುವುದು, ಇಲ್ಲವೆ ಬೀಜ ಪರೀಕ್ಷೆಯ ಲ್ಯಾಬಿನಲ್ಲಿ ಸಹಾಯಕನಾಗುವುದು. ಒಂದಕ್ಕೇ ಅರ್ಜಿ ಹಾಕಬೇಕು, ಅದೂ ಅಂದೇ ಸಂಜೆಯೊಳಗೆ. ಲ್ಯಾಬಿಗೆ ಯಂತ್ರ ನಡೆಸಿದ ಅನುಭವ ಬೇಕಿತ್ತು. ನಾನು ಬ್ಯಾಡಗಿಯಲ್ಲಿ ಚಿಗವ್ವನ ಮುಂದೆ ಕೂತು, ಫೋನಿನಲ್ಲಿ ಗೇಟಿನ ಅರ್ಜಿ ತುಂಬತೊಡಗಿದೆ.

ಚಿಗವ್ವ ಅಂದರೆ ನನ್ನ ಚಿಕ್ಕಮ್ಮ, ಅಲ್ಲಿನ ಒಂದು ಅಂಗಡಿಯಲ್ಲಿ ಮೆಣಸಿನಕಾಯಿ ಆರಿಸುವ ಹೆಂಗಸರ ಮುಖ್ಯಸ್ಥೆ. ಆಕೆಯ ಬಲಗೈ ಕೆಂಪು ಸುಕ್ಕುಗಾಯಿ ಎತ್ತುವಷ್ಟರಲ್ಲಿ ಎಡಗೈ ಬಿಳಿಚಿದ್ದನ್ನು ಹಿಂದಕ್ಕೆ ಎಸೆದಿರುತ್ತದೆ. ಕಣ್ಣು ಮಾತ್ರ ನನ್ನ ಮೇಲಿತ್ತು.

“ಬಿಎಸ್ಸಿ ಓದಿ ಲಾರಿ ನಂಬರ್ ಬರೀತಿಯೇನೋ?”

“ಲ್ಯಾಬಿಂದು ನನಗ ಆಗೂದಿಲ್ಲ ಚಿಗವ್ವ. ಅವರು ಕೇಳಿದ್ದರಾಗ ಅರ್ಧ ನನ್ನ ಕಡೆ ಇಲ್ಲ.”

“ಇನ್ನರ್ಧ?”

“ಐತಿ. ಬೀಜಕ್ಕ ಮೊಳಕಿ ಬರಿಸಿ, ಚಲೋದು ಕೆಟ್ಟದ್ದು ಆರಸಾಕ ಕಾಲೇಜಿನ್ಯಾಗ ಕಲ್ತೇನಿ. ಆ ಮಶೀನಷ್ಟ ಗೊತ್ತಿಲ್ಲ.”

“ಹಂಗಾರ ಹಂಗ ಬರಿ. ಹೋದ ಸಲ ಇಲ್ಲದ್ದು ಐತಿ ಅಂತ ಬರದಿ. ಈ ಸಲ ಇದ್ದದ್ದು ಇಲ್ಲ ಅಂತ ಬರ್ಯಾಕತ್ತಿ. ಖರೇ ಬರಿಯೂದು ಯಾವಾಗ?”

“ಬಿಡ್ರಿ ಅಕ್ಕಾರ, ಮ್ಯಾನೇಜರ್ ಸಾಹೇಬ್ರಿಗೆ ಹಿಂಗ ಬೈತಾರೇನ್ರಿ?” ಎಂದು ಪಕ್ಕದವಳು ಅಂದಳು. ರಾಶಿ ಸುತ್ತ ಕೂತವರೆಲ್ಲ ನಕ್ಕರು.

ಚಿಗವ್ವ ಹೇಳಿದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನನಗೆ ಕೋಪ ಬರುತ್ತಿತ್ತು. ಆದರೆ ಮುಖ್ಯಸ್ಥೆಯ ಕೆಲಸ ಕೇಳಲು ಹೋದಾಗ ಚಿಗವ್ವನಿಗೆ ತನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ. “ಕಾಯಿ ನನಗ ಗೊತ್ತೈತ್ರಿ, ಮಂದಿ ನನ್ನ ಮಾತು ಕೇಳತಾರ. ಬರಿಯೂದು ಬರೂದಿಲ್ಲ, ಕಲೀತೇನ್ರಿ” ಎಂದು ಅಂಗಡಿ ಮಾಲೀಕರಿಗೆ ನೇರ ಹೇಳಿದ್ದಳು. ಕೆಲಸ ಸಿಕ್ಕಿತು; ಮಗಳ ಪಾಟಿಯ ಮೇಲೆ ಅಕ್ಷರ ತಿದ್ದಿ ಕಲಿತೂಬಿಟ್ಟಳು. ನಾನು ಮೂರು ವರ್ಷ ಕಾಲೇಜಿಗೆ ಹೋಗಿಯೂ ‘ನನಗೆ ಇಷ್ಟು ಬರುತ್ತದೆ, ಇಷ್ಟು ಬರುವುದಿಲ್ಲ’ ಎನ್ನುವುದನ್ನು ಕಲಿತಿರಲಿಲ್ಲ.

ಗೇಟಿನ ಅರ್ಜಿ ಅಳಿಸಿದೆ. ಲ್ಯಾಬಿನದು ತುಂಬಿ, ‘ಯಂತ್ರ ಬರುವುದಿಲ್ಲ, ಕಲಿಯುತ್ತೇನೆ’ ಎಂದು ಬರೆದು ಕಳಿಸಿದೆ.

ಕರೆ ಬಂತು. ಇಸ್ತ್ರಿ ಮಾಡಿದ ಅಂಗಿ ಮುದ್ದೆಯಾಗಬಾರದೆಂದು ಹಿಂದಿನ ದಿನವೇ ಅದನ್ನು ಚಿಗವ್ವನ ಅಂಗಡಿಯ ಗೋದಾಮಿನಲ್ಲಿ, ಮೆಣಸಿನಕಾಯಿ ಚೀಲಗಳ ಮೇಲಿನ ಗೂಟಕ್ಕೆ ಹಾಕಿದ್ದೆ. ಇಂಟರ್‌ವ್ಯೂನಲ್ಲಿ ಕೂತು ತೋಳು ಕೊಡವಿದ್ದೇ ತಡ, ಎದುರಿಗಿದ್ದ ಲ್ಯಾಬಿನ ಮೇಡಂ ಸೀನಿದರು. ಆಮೇಲೆ ಅವರ ಪಕ್ಕದ ಸಾಹೇಬರು. ಆಮೇಲೆ ಚಹಾ ತಂದವರು, ಕಪ್ಪು ಸಮೇತ.

“ಬ್ಯಾಡಗಿಯಿಂದ ಬಂದೀರೇನ್ರಿ?” ಮೇಡಂ ಕಣ್ಣೊರೆಸಿಕೊಂಡರು. “ಮಶೀನ್ ಬರೂದಿಲ್ಲ ಅಂತ ಬರದೀರಿ. ಮತ್ತ ನಿಮ್ಮನ್ಯಾಕ ತಗೋಬೇಕು?”

“ಮೊಳಕಿ ಆರಸಾಕ ಕೊಡ್ರಿ ಮೇಡಂ, ಈಗ ತೋರಸ್ತೇನಿ.”

ಒಂದು ಟ್ರೇ ತಂದಿಟ್ಟರು. ಗಟ್ಟಿ ಮೊಳಕೆ ಒಂದು ಕಡೆ, ಸೊರಗಿದ್ದು ಒಂದು ಕಡೆ ಇಡುತ್ತ ಹೋದೆ. ಅವರು ಸೀನುತ್ತಲೇ ನೋಡಿದರು. ಒಂದೂ ತಪ್ಪಲಿಲ್ಲ. ನಾಳೆಯಿಂದಲೇ ಬನ್ನಿ, ಆರು ತಿಂಗಳು ಕಲಿಸಿ ಆಮೇಲೆ ಕಾಯಂ ಮಾಡುತ್ತೇವೆ ಎಂದರು.

ಸಿಕ್ಕ ಬಸ್ಸು ಹತ್ತಿ ಬ್ಯಾಡಗಿಗೆ ಓಡಿದೆ. “ಚಿಗವ್ವ, ತಗೊಂಡ್ರು! ಮಶೀನೂ ಕಲಸ್ತಾರಂತ!”

“ಚಲೋ ಆತು. ಕಲತ ಮ್ಯಾಲೆ ಮುಂದಿನ ಕೆಲಸ ಯಾವುದೈತಿ, ಕೇಳಿದೇನು?”

“ಇಲ್ಲ.”

“ನಾಳೆ ಹೋದಾಗ ಕೇಳು.”